ಮನೆ ಬಾಗಿಲಿಗೆ ಬರುವವರ ಹಿಂದಿನ ಕೆಲಸ

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಆಶಾ ಕಾರ್ಯಕರ್ತೆಯರಿಗೆ ಟಿಬಿ ಬಗ್ಗೆ ತರಬೇತಿ ಇತ್ತು. ಅವರ ಕೈಗೆ ಸೇರಲಿದ್ದ ಫ್ಲಿಪ್ ಚಾರ್ಟಿನ ಕನ್ನಡ ನಾಲಗೆಯಲ್ಲಿ ಹೊರಳುತ್ತದೋ ಇಲ್ಲವೋ ನೋಡಲಿಕ್ಕೆ ನಾನು ಹೋಗಿದ್ದೆ. ಉಪ್ಪಿಟ್ಟು, ಟೀ ಮುಗಿದ ಮೇಲೆ ಹಾಜರಿ ಹಾಳೆ ಕೈಯಿಂದ ಕೈಗೆ ಹೊರಟಿತು. ಹೆಸರು, ಊರು, ಉಪಕೇಂದ್ರ, ಮೊಬೈಲ್ ನಂಬರು, ಓದು, ಕೊನೆಗೆ ‘ಹಿಂದಿನ ವೃತ್ತಿ ಅನುಭವ’ ಎಂಬ ಕಾಲಂ. ಹಾಳೆ ನನ್ನ ಹತ್ತಿರ ಬರುವಷ್ಟರಲ್ಲಿ ಆ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೂ ಬರೀ ಅಡ್ಡಗೆರೆ. ತರಬೇತಿ ಕೊಡಲು ಬಂದವರ ಹಾಳೆ ಬೇರೆ ಇತ್ತು. ಅದರಲ್ಲಿ ಅದೇ ಕಾಲಂ ಸಾಲದೆ ಕೆಲವರು ಪಕ್ಕದ ಮಾರ್ಜಿನ್ನಿಗೂ ಹರಿದಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಬಿಚ್ಚಿಕೊಂಡಿತು. ನನ್ನ ಪಕ್ಕ ಕೂತಿದ್ದವರು ಮದುವೆಯಾಗಿ ಬಂದ ವರ್ಷದಿಂದ ಊದುಬತ್ತಿ ಹೊಸೆದವರು. ಎದುರಿಗಿದ್ದವರು ಗಾರ್ಮೆಂಟ್ಸ್ ಬಸ್ಸು ಹಿಡಿಯಲು ಕತ್ತಲಲ್ಲೇ ಎದ್ದು ಅಡುಗೆ ಮಾಡಿಟ್ಟು ಹೋಗುತ್ತಿದ್ದವರು, ಶರ್ಟಿನ ಕಾಲರ್ ಕೂರಿಸುವುದು ಕೆಲಸ. ಇನ್ನೊಬ್ಬರು ಬೇಸಿಗೆ ಬಂದರೆ ಹುಣಸೆಹಣ್ಣು ಬಡಿಯಲು ಹೆಣ್ಣಾಳುಗಳನ್ನು ಕೂಡಿಸಿ ಕರೆದೊಯ್ಯುತ್ತಿದ್ದರು, ಕೂಲಿ ಹಂಚುವುದೂ ಅವರೇ, ಜಗಳ ಬಿಡಿಸುವುದೂ ಅವರೇ. ಒಬ್ಬರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದವರು. ಒಬ್ಬರ ತಾಯಿ ಸೂಲಗಿತ್ತಿ, ಹತ್ತು ವರ್ಷದವಳಿದ್ದಾಗಿನಿಂದ ಅಮ್ಮನ ಹಿಂದೆ ಲಾಟೀನು ಹಿಡಿದು ಹೋದವರು. ಮತ್ತೊಬ್ಬರು ಊರೂರಿಗೆ ಗಂಟು ಹೊತ್ತು ಕಂತಿನ ಮೇಲೆ ಸೀರೆ ಮಾರುತ್ತಿದ್ದವರು. ಇದನ್ನೆಲ್ಲ ಹಾಳೆಯಲ್ಲಿ ಯಾಕೆ ಬರೆಯಲಿಲ್ಲ ಅಂದರೆ ಊದುಬತ್ತಿಯವರು ನಕ್ಕುಬಿಟ್ಟರು. “ಅದೆಲ್ಲಾ ಏನಂತ ಬರೆಯೋದು ಮೇಡಂ, ಹೊಟ್ಟೆಪಾಡು.”

ಸರ್ಕಾರದ ಮಟ್ಟಿಗೆ ಈ ಹೆಂಗಸರ ಬದುಕು ಶುರುವಾಗುವುದು ನೇಮಕವಾದ ದಿನದಿಂದ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಆಶಾ ಆಗುವವಳಿಗೆ ಏನೇನಿರಬೇಕು ಅಂತ ಪಟ್ಟಿ ಮಾಡಿದರು. ಅದೇ ಊರಿನ ಸೊಸೆಯಾಗಿರಬೇಕು, ಇಲ್ಲವೇ ವಿಧವೆಯೋ ಗಂಡನಿಂದ ಬೇರೆಯಾದವಳೋ ಆಗಿ ಅಲ್ಲೇ ನೆಲೆಸಿರಬೇಕು. ವಯಸ್ಸು 25ರಿಂದ 45, ಎಂಟನೇ ಕ್ಲಾಸು ಪಾಸಾಗಿರಬೇಕು, ಸುಮಾರು ಸಾವಿರ ಜನಕ್ಕೆ ಒಬ್ಬಳು. ಮೊದಲ ವರ್ಷ 23 ದಿನ ತರಬೇತಿ. ಅದಕ್ಕೂ ಮುಂಚೆ ಏನು ಮಾಡುತ್ತಿದ್ದೆ ಅಂತ ಆ ಪಟ್ಟಿ ಕೇಳುವುದಿಲ್ಲ. ಖಾಲಿ ಕೊಡ ತಂದು ನಲ್ಲಿ ಕೆಳಗಿಟ್ಟ ಹಾಗೆ, ನಾವು ತುಂಬಿಸಿಕೊಡುತ್ತೇವೆ ಅನ್ನುವ ಭಾವ. ನನಗೆ ಬರಬರುತ್ತಾ ಅನ್ನಿಸಿದ್ದು ಬೇರೆ. ಬಾಗಿಲು ತಟ್ಟುವ ಕೆಲಸದ ಮುಕ್ಕಾಲು ಪಾಲನ್ನು ಅವರು ಮೊದಲೇ ಎಲ್ಲೋ ಕಲಿತು ಬಂದಿರುತ್ತಾರೆ, ನಮ್ಮ 23 ದಿನ ಅದರ ಮೇಲೆ ಕಾಯಿಲೆಗಳ ಹೆಸರು ಅಂಟಿಸುತ್ತದೆ.

ಹಲ್ಲಿನ ಡಾಕ್ಟರು, ಸಬ್ ಎಡಿಟರು

ಮೊದಲು ನಮ್ಮ ಕಡೆಯವರ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಅಂದರೆ ಬೆಂಗಳೂರಿನ ಆಫೀಸಿನಲ್ಲಿ ಕೂತು ‘ಸಮುದಾಯ’ ಅನ್ನುವ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಆಡುವವರು. ಸಾರ್ವಜನಿಕ ಆರೋಗ್ಯದ ಯಾವ ಸಂಸ್ಥೆಗೆ ಹೋದರೂ ಒಬ್ಬರಾದರೂ ಬಿಡಿಎಸ್ ಮಾಡಿದವರು ಸಿಗುತ್ತಾರೆ. ಇದು ಕಾಕತಾಳೀಯವಲ್ಲ. ಹಲ್ಲಿನ ಕಾಲೇಜುಗಳು ಹೆಚ್ಚಿದ ವೇಗದಲ್ಲಿ ಸರ್ಕಾರಿ ಹುದ್ದೆಗಳು ಹೆಚ್ಚಲಿಲ್ಲ, ಸ್ವಂತ ಕ್ಲಿನಿಕ್ಕಿಗೆ ಕುರ್ಚಿಯಿಂದ ಹಿಡಿದು ಎಲ್ಲಕ್ಕೂ ಸಾಲ ಮಾಡಬೇಕು. ಸಾರ್ವಜನಿಕ ಆರೋಗ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಎಂಪಿಎಚ್, ಮಾಡಿಕೊಂಡರೆ ಸಂಬಳದ ಕೆಲಸವೊಂದು ಸಿಗುತ್ತದೆ. ಇವರ ಜೊತೆಗೆ ಸಮಾಜಕಾರ್ಯ ಓದಿ ಎಂಎಸ್‌ಡಬ್ಲ್ಯೂ ಮಾಡಿದವರು, ಹೋಮಿಯೋಪಥಿಯವರು, ಆಯುರ್ವೇದದವರು, ಈಚೆಗೆ ಡೇಟಾ ನೋಡಲು ಬಂದಿರುವ ಎಂಜಿನಿಯರುಗಳು. ಜೊತೆಗೆ ನಾನು. ಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ತಲೆಬರಹ ಕತ್ತರಿಸಿ, ರಾತ್ರಿ ಪಾಳಿ ಸಾಕಾಗಿ ಇತ್ತ ಬಂದವಳು.

ನಮ್ಮ ಹಿಂದಿನ ಕೆಲಸಗಳು ನಮ್ಮ ಇಂದಿನ ಕೆಲಸದಲ್ಲಿ ಎದ್ದು ಕಾಣುತ್ತವೆ. ಹಲ್ಲಿನವರು ಕೈಬರಹದಷ್ಟೇ ಅಚ್ಚುಕಟ್ಟಾಗಿ ಪ್ರೋಟೋಕಾಲ್ ಬರೆಯುತ್ತಾರೆ. ಎಂಎಸ್‌ಡಬ್ಲ್ಯೂ ಮಾಡಿದವರು ಸಭೆ ಕಟ್ಟುವುದರಲ್ಲಿ ನಿಸ್ಸೀಮರು, ಸಭೆ ಮುಗಿಸುವುದರಲ್ಲಿ ಅಷ್ಟಕ್ಕಷ್ಟೆ. ನಾನು ಯಾರು ಏನು ಹೇಳಿದರೂ ಎಂಟು ಪದಕ್ಕೆ ಇಳಿಸಲು ನೋಡುತ್ತೇನೆ. ನಮ್ಮಲ್ಲಿ ಯಾರಾದರೂ ‘ಹಿನ್ನೆಲೆ’ ಅಂದರೆ ಉಳಿದವರು ಗೌರವದಿಂದ ಕಿವಿಗೊಡುತ್ತಾರೆ, ಅದು ಬಯೋಡೇಟಾದಲ್ಲಿ ಸಾಲಾಗಿ ಕೂರುತ್ತದೆ, ಸಂಬಳ ಅದರ ಮೇಲೆ ನಿಗದಿಯಾಗುತ್ತದೆ. ಊದುಬತ್ತಿ ಹೊಸೆದವರ ಹಿನ್ನೆಲೆಗೆ ಯಾವ ದರವೂ ಇಲ್ಲ. ಆದರೆ ಬೆರಳಿನ ಕೆಲಸ ನಡೆಯುತ್ತಿರುವಾಗಲೇ ಎದುರಿನವಳ ಮಾತನ್ನು ತಾಸುಗಟ್ಟಲೆ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗೆ ಇದ್ದಷ್ಟು ನನ್ನ ಆಫೀಸಿನಲ್ಲಿ ಯಾರಿಗೂ ಇಲ್ಲ.

ಕಂತಿನ ಸೀರೆ

ಸೀರೆ ಮಾರುತ್ತಿದ್ದವರ ಜೊತೆ ಒಂದು ಬೆಳಗ್ಗೆ ಅವರ ಊರು ಸುತ್ತಿದೆ. ಹೆಸರು ಹೇಳುವುದು ಬೇಡ, ಊರಿನವರೆಲ್ಲ ಕರೆಯುವ ಹಾಗೆ ಅಕ್ಕ ಅಂತಲೇ ಇರಲಿ. ನಲವತ್ತು ದಾಟಿದ, ಸಣಕಲು ಮೈಯ, ಬಿರಬಿರನೆ ನಡೆಯುವ ಹೆಂಗಸು. ಗಂಡ ಕುಡಿದು ಕುಡಿದು ತೀರಿಕೊಂಡ ಮೇಲೆ ತುಮಕೂರಿನ ಅಂಗಡಿಯೊಂದರಿಂದ ಸೀರೆ ತಂದು ಸುತ್ತಲ ಹಳ್ಳಿಗಳಲ್ಲಿ ಮಾರಿ ಮಕ್ಕಳನ್ನು ಓದಿಸಿದವರು. ಆ ದಿನ ಅವರು ಹೋಗಬೇಕಿದ್ದದ್ದು ಗಾರೆ ಕೆಲಸದವನೊಬ್ಬನ ಮನೆಗೆ. ಮೂರು ವಾರದಿಂದ ಕೆಮ್ಮು, ಸಂಜೆ ಹೊತ್ತು ಜ್ವರ, ಮೈ ಇಳಿದಿದೆ ಅಂತ ಅಂಗನವಾಡಿಯಲ್ಲಿ ಯಾರೋ ಅಂದಿದ್ದರು. ಕಫ ಪರೀಕ್ಷೆ ಮಾಡಿಸಬೇಕು. ಆ ಮನೆಯಲ್ಲಿ ಮಗಳ ನಿಶ್ಚಿತಾರ್ಥ ಹತ್ತಿರದಲ್ಲಿತ್ತು.

ನಾನು ನೇರ ಆ ಮನೆಗೆ ಹೋಗುತ್ತೇವೆ ಅಂದುಕೊಂಡಿದ್ದೆ. ಅಕ್ಕ ಎರಡು ಮನೆ ಈಚೆ ನಿಂತರು. ಅಲ್ಲೊಂದು ಮಗುವಿನ ಲಸಿಕೆ ಕಾರ್ಡು ನೋಡಿದರು, ನೀರು ಕೇಳಿ ಕುಡಿದರು. ಮುಂದಿನ ಮನೆಯಲ್ಲಿ ಮುದುಕಿಯ ಬಿಪಿ ಮಾತ್ರೆ ಮುಗಿದಿದೆಯಾ ಅಂತ ವಿಚಾರಿಸಿದರು. ಅದಾದ ಮೇಲೆ, ದಾರಿಯಲ್ಲಿ ಸಿಕ್ಕಿತು ಅನ್ನುವಷ್ಟು ಸಲೀಸಾಗಿ, ಆ ಮನೆಯ ಜಗಲಿಗೆ ಹತ್ತಿದರು. ಗಂಡಸು ಒಳಗೆ ಮಲಗಿದ್ದ. ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ತಾವೂ ಒಂದು ಹಿಡಿ ಕಾಯಿ ಎಳೆದುಕೊಂಡರು. ನಿಶ್ಚಿತಾರ್ಥದ ಮಾತು, ಗಂಡಿನ ಕಡೆಯವರ ಮಾತು, ಅಡುಗೆಯವರು ಎಷ್ಟು ಕೇಳಿದರು ಅನ್ನುವ ಮಾತು. ಟಿಬಿಯ ಹೆಸರು ಬರಲೇ ಇಲ್ಲ. ಒಳಗಿನಿಂದ ಕೆಮ್ಮು ಕೇಳಿಸಿದಾಗಲೂ ಅವರು ತಲೆ ಎತ್ತಲಿಲ್ಲ. ಹೊರಡುವಾಗ ಮಾತ್ರ, ಹೆಂಡತಿ ಬಾಗಿಲವರೆಗೆ ಬಂದಾಗ, ಚೀಲದಿಂದ ಪೇಪರಿನಲ್ಲಿ ಸುತ್ತಿದ ಕಫದ ಡಬ್ಬಿ ತೆಗೆದು ಅವಳ ಸೆರಗಿನ ಮರೆಗೆ ಕೊಟ್ಟು ಹೇಳಿದರು. “ಬೆಳಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ಉಗೀಲಿ. ಎಂಜಲು ಬ್ಯಾಡ. ಡೈರಿಗೆ ಹಾಲು ಹಾಕೋಕೆ ಬರ್ತೀಯಲ್ಲ, ಆವಾಗ ತಗೊಂಬಾ. ನಾನೇ ಈಸ್ಕೊಂಡು ಹೋಗ್ತೀನಿ. ಮದ್ವೆ ಮನೆ, ನಾನ್ಯಾಕೆ ಯಾರಿಗಾನಾ ಹೇಳ್ಲಿ?”

ನಮ್ಮ ಫ್ಲಿಪ್ ಚಾರ್ಟಿನಲ್ಲಿ ಈ ಭೇಟಿಗೆ ಆರು ಹೆಜ್ಜೆಗಳಿದ್ದವು. ನಮಸ್ಕರಿಸಿ, ಪರಿಚಯಿಸಿಕೊಳ್ಳಿ, ಲಕ್ಷಣಗಳ ಬಗ್ಗೆ ಕೇಳಿ ಅಂತ ಶುರುವಾಗುತ್ತಿತ್ತು. ಅಕ್ಕ ಅವುಗಳಲ್ಲಿ ಒಂದನ್ನೂ ಪಾಲಿಸದೆ ಎಲ್ಲವನ್ನೂ ಮುಗಿಸಿದ್ದರು. ದಾರಿಯಲ್ಲಿ ಕೇಳಿದ್ದಕ್ಕೆ, “ಬಾಕಿ ದುಡ್ಡು ಕೇಳೋಕೆ ಹೋಗ್ತಿದ್ದೋಳಿಗೆ ಕಫ ಕೇಳೋದು ಕಷ್ಟಾನಾ ಮೇಡಂ?” ಅಂದರು. ಆಮೇಲೆ ಸೀರೆ ವ್ಯಾಪಾರದ ಕಟ್ಟಳೆಗಳನ್ನು ಹೇಳಿದರು. ನೇರ ಬಾಕಿಯವರ ಮನೆಗೇ ಹೋಗಬಾರದು, ಊರಿಗೆಲ್ಲ ಗೊತ್ತಾಗುತ್ತದೆ. ಅತ್ತೆಯ ಎದುರು ಸೊಸೆಯನ್ನು ದುಡ್ಡು ಕೇಳಬಾರದು. ಶುಕ್ರವಾರ ಕೇಳಬಾರದು, ದೀಪ ಹಚ್ಚುವ ಹೊತ್ತಿನಲ್ಲಿ ಕೇಳಬಾರದು. ಇಲ್ಲ ಅಂದರೂ ಮುಖ ಸಿಂಡರಿಸಬಾರದು, ಯಾಕೆಂದರೆ ಮತ್ತೆ ಆ ಜಗಲಿ ಹತ್ತಬೇಕು. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡರೆ ಆ ದಿನ ತಪ್ಪಬಾರದು. ತಪ್ಪಿದರೆ ಕಂತು ಕೊಡುವವರೂ ತಪ್ಪುತ್ತಾರೆ. ಟಿಬಿ ಮಾತ್ರೆ ಆರು ತಿಂಗಳು ಬಿಡದೆ ನುಂಗಿಸಬೇಕಾದವರಿಗೆ ಈ ಕೊನೆಯದಕ್ಕಿಂತ ಉಪಯುಕ್ತವಾದ ಪಾಠ ಯಾವ ಮಾಡ್ಯೂಲಿನಲ್ಲಿದೆ?

ಹಿಂದಿನ ಕೆಲಸ ಬರೀ ಆಸ್ತಿಯಾಗಿಯೇ ಬರುವುದಿಲ್ಲ, ಅದನ್ನೂ ಹೇಳಬೇಕು. ಅಕ್ಕನಿಗೆ ಸೀರೆ ಬಾಕಿ ಉಳಿಸಿಕೊಂಡಿದ್ದ ಒಂದು ಮನೆಯವರು ಆಶಾ ಆದ ಮೇಲೂ ಅವರನ್ನು ಕಂಡರೆ ಹಿತ್ತಿಲಿಗೆ ಹೋಗುತ್ತಿದ್ದರಂತೆ. ಆ ಮನೆಯ ಸೊಸೆ ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ಐದು ತಿಂಗಳು ತುಂಬಿತ್ತು, ತಾಯಿ ಕಾರ್ಡು ಆಗಿರಲಿಲ್ಲ, ರಕ್ತ ಪರೀಕ್ಷೆ ಆಗಿರಲಿಲ್ಲ. ಬಾಕಿಯನ್ನು ಬಿಟ್ಟೆ ಅಂತ ಅತ್ತೆಯ ಎದುರಿಗೇ ಹೇಳಿ ಬಂದ ಮೇಲೆ ಬಾಗಿಲು ತೆರೆಯಿತು. ಹುಟ್ಟಿದ ಮಗುವಿನ ಮನೆಗೆ 42 ದಿನದೊಳಗೆ ಆರು ಸಲ ಹೋಗಿ ನೋಡಿದರೆ ಆಶಾಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಅಕ್ಕ ಬಿಟ್ಟ ಬಾಕಿ ಅದಕ್ಕಿಂತ ಜಾಸ್ತಿ.

ಗೋಡೆಯ ಮೇಲೆ ತಾರೀಕು ಬರೆಯುತ್ತಿದ್ದವರು

ನಾನು ಚಿಕ್ಕವಳಿದ್ದಾಗ ಬಾಗಿಲಿಗೆ ಬರುತ್ತಿದ್ದದ್ದು ಗಂಡಸರು. ಖಾಕಿ ಚೀಲ, ಸೈಕಲ್ಲು, ಗಾಜಿನ ಸ್ಲೈಡುಗಳ ಪೆಟ್ಟಿಗೆ. ‘ಮಲೇರಿಯಾದವರು’ ಅಂತಲೇ ಹೆಸರು. ಜ್ವರ ಬಂದಿದೆಯಾ ಅಂತ ಕೇಳಿ, ಬಂದಿದ್ದರೆ ಬೆರಳಿಗೆ ಚುಚ್ಚಿ, ಕಹಿ ಮಾತ್ರೆ ಕೊಟ್ಟು, ಬಾಗಿಲ ಪಕ್ಕದ ಗೋಡೆಯ ಮೇಲಿನ ಚೌಕಟ್ಟಿನಲ್ಲಿ ತಾರೀಕು ಹಾಕಿ ಹೋಗುತ್ತಿದ್ದರು. ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ದೇಶದಲ್ಲಿ 1958ರಿಂದ ನಡೆದಿತ್ತು, ಆ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ದಾಟಿದ ಹಳ್ಳಿ ಹುಡುಗರಿಗೆ ಮೇಷ್ಟ್ರ ಕೆಲಸ ಬಿಟ್ಟರೆ ಕಣ್ಣಿಗೆ ಬೀಳುತ್ತಿದ್ದ ಸರ್ಕಾರಿ ನೌಕರಿ ಅದು. ಸಿಡುಬಿಗೆ ಬೇರೆಯವರು, ಕುಟುಂಬ ಯೋಜನೆಗೆ ಬೇರೆಯವರು, ಕುಷ್ಠಕ್ಕೆ ಬೇರೆಯವರು. ಒಂದೊಂದು ಕಾಯಿಲೆಗೆ ಒಂದೊಂದು ಇಲಾಖೆಯ ಹಾಗೆ.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ, ಇವರನ್ನೆಲ್ಲ ಒಟ್ಟು ಮಾಡಿ ವಿವಿಧೋದ್ದೇಶ ಕಾರ್ಯಕರ್ತರನ್ನಾಗಿಸಿ ಅಂತ ಶಿಫಾರಸು ಮಾಡಿತು. ಕಾಗದದ ಮೇಲೆ ಒಪ್ಪುವಂಥದ್ದೇ. ಆದರೆ ಹದಿನೈದು ವರ್ಷ ಸೊಳ್ಳೆ, ಸ್ಲೈಡು ಅಂತಿದ್ದವರು ಒಂದು ದಿನ ಬೆಳಗಾಗುವುದರಲ್ಲಿ ಹೆಂಗಸರ ಎದುರು ಗರ್ಭನಿರೋಧಕದ ಮಾತು ಆಡಬೇಕಾಯಿತು. ನಮ್ಮ ಬೀದಿಗೆ ಬರುತ್ತಿದ್ದವರು ನಿವೃತ್ತರಾದ ಮೇಲೆ ನಮ್ಮಪ್ಪನ ಹತ್ತಿರ ಹೇಳಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ. ಆ ಮಾತು ಬಂದಾಗ ತಾನು ನೆಲ ನೋಡಿಕೊಂಡು ಹೇಳುತ್ತಿದ್ದೆ, ಹೆಂಗಸರು ಒಲೆ ನೋಡಿಕೊಂಡು ಕೇಳುತ್ತಿದ್ದರು, ಕೊನೆಗೆ ಇಬ್ಬರೂ ಮುಗಿಯಿತಲ್ಲ ಅಂತ ಉಸಿರು ಬಿಡುತ್ತಿದ್ದೆವು ಅಂತ. ಅದರ ಹಿಂದೆಯೇ ತುರ್ತು ಪರಿಸ್ಥಿತಿ ಬಂತು, ಸಂತಾನಹರಣ ಆಪರೇಷನ್ ಕೇಸುಗಳ ಗುರಿ ಬಂತು. ಗೋಡೆಗೆ ತಾರೀಕು ಬರೆದು ಹೋಗುತ್ತಿದ್ದ ಅದೇ ಮನುಷ್ಯ ಬಂದರೆ ಗಂಡಸರು ಹೊಲದ ಕಡೆ ಓಡುವಂತಾಯಿತು. ಬಾಗಿಲಿಗೆ ಬರುವವರ ಹಿಂದಿನ ಕೆಲಸ ಅಂದರೆ ಅವರ ಕೈಯಲ್ಲಿ ಸರ್ಕಾರ ಮಾಡಿಸಿದ ಹಿಂದಿನ ಕೆಲಸವೂ ಹೌದು. ಜನ ಅದನ್ನೂ ಮರೆಯುವುದಿಲ್ಲ.

1977ರ ಗಾಂಧಿ ಜಯಂತಿಯಂದು ಕೇಂದ್ರ ಸರ್ಕಾರ ಸಾವಿರ ಜನಕ್ಕೊಬ್ಬ ಹಳ್ಳಿಯವನನ್ನೇ ಆರಿಸಿ, ಮೂರು ತಿಂಗಳು ಕಲಿಸಿ, ತಿಂಗಳಿಗೆ 50 ರೂಪಾಯಿ ಗೌರವಧನ ಕೊಡುವ ಯೋಜನೆ ತಂದಿತು. ಆಯ್ಕೆಯಾದವರಲ್ಲಿ ಹೆಚ್ಚಿನವರು ಗಂಡಸರು. ಬಸುರಿ, ಬಾಣಂತಿ, ಕೂಸುಗಳ ಕೆಲಸಕ್ಕೆ ಗಂಡಸರನ್ನು ಆರಿಸಿದ್ದು ಯಾಕೆ ಅಂತ ಕೇಳಲು ಯಾರಿಗೂ ತೋಚಲಿಲ್ಲವೋ, ಊರ ಪ್ರಮುಖರ ಮಕ್ಕಳಿಗೆ ಕೆಲಸವಾಗಬೇಕಿತ್ತೋ. ಕರ್ನಾಟಕ ಶುರುವಿನಲ್ಲಿ ಆ ಯೋಜನೆಗೆ ಸೇರಿರಲಿಲ್ಲ.

ಡಾಕ್ಟರು ಮಾನವಶಾಸ್ತ್ರ ಓದಿದಾಗ

ಕೇಳುವವರು ಎಲ್ಲಿಂದ ಬಂದವರು ಅನ್ನುವುದರ ಮೇಲೆ ಉತ್ತರ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇದೇ ತುಮಕೂರು ಜಿಲ್ಲೆಯಲ್ಲಿ ಅರವತ್ತು ವರ್ಷ ಹಿಂದೆ ನಡೆದದ್ದೊಂದು ಇದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದದ್ದು. ಅಲ್ಲಿ ಡಾಕ್ಟರುಗಳ ಜೊತೆಗೆ ಸಂಖ್ಯಾಶಾಸ್ತ್ರದವರು, ಸಮಾಜಶಾಸ್ತ್ರದವರು ಒಂದೇ ಮೇಜಿನ ಸುತ್ತ ಕೂತಿದ್ದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಫ್ಡಾನ್ ಮಾಲರ್ ಆಗ ಅಲ್ಲಿದ್ದರು. ಇನ್ನೊಬ್ಬರು ದೇಬಬರ್ ಬ್ಯಾನರ್ಜಿ, ಎಂಬಿಬಿಎಸ್ ಮಾಡಿ ಆಮೇಲೆ ಅಮೆರಿಕದ ಕಾರ್ನೆಲ್‌ನಲ್ಲಿ ಮಾನವಶಾಸ್ತ್ರ ಓದಿ ಬಂದವರು.

ಹಳ್ಳಿಯವರಿಗೆ ಟಿಬಿಯ ಅರಿವಿಲ್ಲ, ಕೆಮ್ಮಿಕೊಂಡೇ ಕೂರುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ನಾವೇ ಎಕ್ಸ್‌ರೇ ವ್ಯಾನು ತಗೊಂಡು ಹೋಗಿ ಹುಡುಕಬೇಕು ಅನ್ನುವುದು ಆಗಿನ ನಂಬಿಕೆ. ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕಾಯಿಲೆ ಇದ್ದವರನ್ನೇ ಕೂರಿಸಿಕೊಂಡು, ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಅಂತ ಕೇಳಿಸಿದರು. 1963ರಲ್ಲಿ ಅದು ಅಚ್ಚಾಯಿತು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಬಗ್ಗೆ ಚಿಂತೆಯಿತ್ತು, ಅರ್ಧದಷ್ಟು ಜನ ಆಗಲೇ ಅಲೋಪಥಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ. ಬರೀ ಡಾಕ್ಟರಾಗಿದ್ದವರು ಕೇಳಿದ್ದರೆ ‘ಟಿಬಿ ಬಗ್ಗೆ ನಿಮಗೆ ಗೊತ್ತಿದೆಯಾ’ ಅಂತ ಕೇಳುತ್ತಿದ್ದರು, ‘ಗೊತ್ತಿಲ್ಲ ಸ್ವಾಮಿ’ ಅನ್ನುವ ಉತ್ತರ ಬರುತ್ತಿತ್ತು, ಅಜ್ಞಾನದ ಕೋಷ್ಟಕವೊಂದು ತಯಾರಾಗುತ್ತಿತ್ತು. ಸುಮಾರು ಅದೇ ಹೊತ್ತಿಗೆ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ವ್ಯಾನು ಬಿಟ್ಟು, ಕೆಮ್ಮು ಅಂತ ತಾವಾಗಿ ಆಸ್ಪತ್ರೆಗೆ ಬಂದವರ ಕಫ ಪರೀಕ್ಷೆ ಮಾಡುವುದರ ಮೇಲೆ ನಿಂತಿತು.

ಕೋವಿಡ್ ಕಾಲದಲ್ಲಿ ಇದರ ತದ್ವಿರುದ್ಧ ನೋಡಿದೆವು. ಮೇಷ್ಟ್ರುಗಳನ್ನು ಮನೆಮನೆ ಸಮೀಕ್ಷೆಗೆ ಕಳಿಸಿದರು. ಮತದಾರರ ಪಟ್ಟಿಗೂ ಅವರೇ, ಜನಗಣತಿಗೂ ಅವರೇ ಆದ್ದರಿಂದ ಕೈಯಲ್ಲಿ ಹಾಳೆ ಹಿಡಿದು ಮೇಷ್ಟ್ರು ಬಂದರೆ ಜನಕ್ಕೆ ಅದು ಸರ್ಕಾರದ ಲೆಕ್ಕ. ಲೆಕ್ಕಕ್ಕೆ ಜನ ಕೊಡುವ ಉತ್ತರವನ್ನೇ ಕೊಟ್ಟರು, ನಮ್ಮನೇಲಿ ಯಾರಿಗೂ ಜ್ವರ ಇಲ್ಲ.

ಹಟ್ಟಿಯ ಒಳಗಿನವರು

ಒಳಗಿನವರನ್ನೇ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ತುಮಕೂರು, ಚಿತ್ರದುರ್ಗದ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನೂ ಮುಟ್ಟಾದವರನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವುದು ನಿಮಗೆ ಗೊತ್ತಿರುವುದೇ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಗಾಳಿಯ ನಡುವೆ ಅಂಥ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಾಗ ಊರಿಗೆ ಅಧಿಕಾರಿಗಳ, ಟಿವಿಯವರ ದಂಡೇ ಹೋಯಿತು. ಅದಾಗಿ ಕೆಲ ಕಾಲದ ಮೇಲೆ ಬೇರೊಂದು ಹಟ್ಟಿಯ ಆಶಾ ಒಬ್ಬರ ಜೊತೆ ಮಾತಾಡಿದೆ. ಆಕೆ ಅದೇ ಸಮುದಾಯದವರು, ಆಶಾ ಆಗುವ ಮೊದಲು ಕುರಿ ಕಾಯುತ್ತಿದ್ದವರು. ಬಾಣಂತಿ ಮತ್ತು ಕೂಸನ್ನು ಬೆಚ್ಚಗೆ ಮನೆಯೊಳಗೆ ಇರಿಸಿ ಅಂತ ಹೇಳುವುದು ಅವರ ಕೆಲಸ.

“ಹೇಳ್ತೀನಿ. ಹೇಳೋದು ನನ್ ಡ್ಯೂಟಿ. ನಾನೂ ಎರಡು ಹೆತ್ತೆ, ಆಚೇಲೇ ಇದ್ದೆ. ಈಗ ನಮ್ಮತ್ತೆ ಎದ್ರಿಗೆ ಇನ್ನೊಬ್ರ ಸೊಸೆಗೆ ಏನಂತ ಹೇಳ್ಲಿ?” ಅಂದರು. ಸ್ವಲ್ಪ ಹೊತ್ತಿನ ಮೇಲೆ ತಾನು ಏನು ಮಾಡುತ್ತೇನೆ ಅಂತ ಒಂದೊಂದಾಗಿ ಹೇಳಿದರು. ಗುಡಿಸಲಿಗೆ ತಗಡು ಹೊದಿಸುವಂತೆ, ನೆಲಕ್ಕೆ ಮಂಚ ಹಾಕುವಂತೆ ಮಾಡುತ್ತಾರೆ. ಹೆರಿಗೆ ಆದ ಮೇಲೆ ತವರಿಗೆ, ಅದೂ ಹಟ್ಟಿಯಲ್ಲದ ಊರಲ್ಲಿ ನೆಂಟರಿದ್ದರೆ ಅಲ್ಲಿಗೆ, ಕಳಿಸಲು ಗಂಡಂದಿರನ್ನು ಒಪ್ಪಿಸುತ್ತಾರೆ. ಕೂಸಿನ ತೂಕ ಕಮ್ಮಿ ಇದ್ದರೆ ಆಸ್ಪತ್ರೆಯಲ್ಲೇ ಇನ್ನೆರಡು ದಿನ ಇಟ್ಟುಕೊಳ್ಳಿ ಅಂತ ನರ್ಸಮ್ಮನನ್ನು ಕೇಳಿಕೊಳ್ಳುತ್ತಾರೆ. ಕುರಿ ಕಾಯುವವರಿಗೆ ಮಂದೆಯನ್ನು ಎದುರಿನಿಂದ ತಳ್ಳಲಾಗುವುದಿಲ್ಲ, ಪಕ್ಕದಿಂದ ತಿರುಗಿಸಬೇಕು ಅಂತ ಗೊತ್ತಿರುತ್ತದೆ ಅನ್ನುವ ಸಾಲು ಬರೆಯಲು ನನ್ನ ಕೈ ತುರಿಸುತ್ತಿದೆ, ಹಳೆಯ ಡೆಸ್ಕಿನ ಚಟ. ಆದರೆ ಅಂಥ ಸಾಲಿನಿಂದ ಆಕೆಯ ಇಕ್ಕಟ್ಟು ಸಿಹಿಯಾಗಿಬಿಡುತ್ತದೆ. ಆಕೆ ಮಾಡುತ್ತಿರುವುದು ಸಾಲದು, ಆಕೆಗೂ ಅದು ಗೊತ್ತು. ಹೊರಗಿನಿಂದ ಕಾನೂನು ಹಿಡಿದು ಬಂದವರು ಗುಡಿಸಲು ಕಿತ್ತು ಹಾಕಿ ಹೋಗಬಲ್ಲರು, ಆಮೇಲೆ ಹಟ್ಟಿಯಲ್ಲಿ ಬಾಳುವೆ ಮಾಡಬೇಕಾದವರು ಆಕೆ.

ಸೂಲಗಿತ್ತಿಯರ ಕತೆಯೂ ಇಂಥದ್ದೇ ತೊಡಕಿನದು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ಅಕ್ಷರ ಕಲಿಯದ, ಅಜ್ಜಿಯಿಂದ ಕೆಲಸ ಕಲಿತ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದ ಆ ತಾಯಿ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗಿದ್ದವು, ಹೋಗಬೇಕಾದ್ದೇ. ಸೂಲಗಿತ್ತಿಯ ಮಗಳು ಆಶಾ ಆಗಲು ಎಂಟನೇ ಕ್ಲಾಸಿನ ಸರ್ಟಿಫಿಕೇಟು ಬೇಕಾಯಿತು, ಆ ಸರ್ಟಿಫಿಕೇಟು ಇಲ್ಲದ ಸೂಲಗಿತ್ತಿಯರು ಸದ್ದಿಲ್ಲದೆ ಪಕ್ಕಕ್ಕೆ ಸರಿದರು. ಲಾಟೀನು ಹಿಡಿದು ಹೋಗುತ್ತಿದ್ದೆ ಅಂದವರನ್ನು ಅಮ್ಮನಿಂದ ಏನು ಕಲಿತಿರಿ ಅಂತ ಕೇಳಿದ್ದೆ. ಹೊಟ್ಟೆ ಮುಟ್ಟಿ ನೋಡುವುದಿರಲಿ, ನೋವು ತಿನ್ನುವವಳ ಹತ್ತಿರ ಯಾರನ್ನು ಬಿಡಬೇಕು, ಯಾರನ್ನು ಏನಾದರೂ ತರಲು ಹೊರಗೆ ಕಳಿಸಬೇಕು ಅನ್ನುವುದು ಅಮ್ಮನಿಗೆ ಗೊತ್ತಿತ್ತು ಅಂದರು. ಈಗ ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಮಾಡುವುದೂ ಅದನ್ನೇ.

ಬಯೋಡೇಟಾ ಆಗಿಬಿಟ್ಟ ಬದುಕು

ಹಿಂದಿನ, ಅಷ್ಟೇಕೆ, ಇಂದಿನ ಕೆಲಸವನ್ನೇ ಅರ್ಹತೆ ಅಂತ ಒಪ್ಪಿಕೊಂಡ ಕಾರ್ಯಕ್ರಮ ನಾನು ಕಂಡಂತೆ ಒಂದೇ. ಎಚ್‌ಐವಿ ತಡೆಗೆ ಲೈಂಗಿಕ ಕಾರ್ಯಕರ್ತೆಯರನ್ನೇ ಪೀರ್ ಎಜುಕೇಟರ್, ಅಂದರೆ ತಮ್ಮಂಥವರಿಗೇ ತಿಳಿಹೇಳುವವರನ್ನಾಗಿ ಮಾಡಿದ್ದು. ಕಲ್ಕತ್ತೆಯ ಸೋನಾಗಾಚಿಯಲ್ಲಿ 1992ರಲ್ಲಿ ಶುರುವಾದ ಆ ದಾರಿ, 2003ರ ನಂತರ ಕರ್ನಾಟಕದ ಹಲವು ಜಿಲ್ಲೆಗಳಿಗೆ ಬಂತು. ಮೈಸೂರಿನಲ್ಲಿ ಅದು ಆಶೋದಯ ಸಮಿತಿ ಅನ್ನುವ ಅವರದ್ದೇ ಸಂಘವಾಗಿ ಬೆಳೆಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾವ ಹೊತ್ತಿಗೆ ಯಾರು ಸಿಗುತ್ತಾರೆ, ಪೊಲೀಸರ ಗಸ್ತು ಯಾವಾಗ, ಯಾವ ಲಾಡ್ಜಿನ ಮ್ಯಾನೇಜರು ಕಾಂಡೋಮ್ ಇಟ್ಟುಕೊಳ್ಳಲು ಒಪ್ಪುತ್ತಾನೆ, ಇದೆಲ್ಲ ಯಾವ ಎಂಎಸ್‌ಡಬ್ಲ್ಯೂ ಸಿಲಬಸ್ಸಿನಲ್ಲೂ ಇಲ್ಲ. ಅಲ್ಲಿ ಬೀದಿಯ ನಕ್ಷೆ ಬಿಡಿಸಿದ್ದು ಆ ಬೀದಿಯಲ್ಲಿ ನಿಂತವರೇ. ಟಿಬಿಯಲ್ಲೂ ಈಗ ಗುಣವಾದವರನ್ನು ‘ಟಿಬಿ ಚಾಂಪಿಯನ್’ ಮಾಡಿ ಕರೆದೊಯ್ಯುತ್ತಾರೆ. ಒಳ್ಳೆಯದೇ. ಆದರೆ ವೇದಿಕೆಗೆ ಕರೆದಾಗಲೆಲ್ಲ ತನ್ನ ಕಾಯಿಲೆಯ ಕತೆ ಮೊದಲಿಂದ ಹೇಳಬೇಕಾದ ಹುಡುಗನೊಬ್ಬ ಟೀ ಕುಡಿಯುತ್ತಾ, ತಾನು ಎಲೆಕ್ಟ್ರಿಷಿಯನ್ ಅನ್ನುವುದನ್ನು ಇಲ್ಲಿ ಯಾರೂ ಕೇಳುವುದಿಲ್ಲ ಅಂದಿದ್ದ.

ಇನ್ನು ದುಡ್ಡಿನ ಮಾತು. ಸ್ವಯಂಸೇವಕಿ ಅನ್ನುವ ಹೆಸರಿಟ್ಟುಕೊಂಡು ಗೌರವಧನ, ಪ್ರೋತ್ಸಾಹಧನ ಅಂತ ಕೊಡುವುದಕ್ಕೂ ಆ ಅಡ್ಡಗೆರೆಯ ಕಾಲಂಗೂ ನಂಟಿದೆ ಅಂತ ನನ್ನ ಅನುಮಾನ. ಹಿಂದೆ ಏನೂ ಮಾಡುತ್ತಿರಲಿಲ್ಲ ಅಂದರೆ ಈಗ ಕೊಡುವುದೆಲ್ಲ ಲಾಭವೇ ಅಲ್ಲವೇ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಕಳೆದು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಅನ್ನುವ ಭರವಸೆ ಹೊತ್ತು ಊರಿಗೆ ಹೋದರು. ಗಾರ್ಮೆಂಟ್ಸಿನಲ್ಲಿದ್ದವರು ನನಗೆ ಹೇಳಿದ್ದು ನೆನಪಿದೆ. ಅಲ್ಲಿ ಬೈಗುಳ ಜಾಸ್ತಿ, ಆದರೆ ಏಳನೇ ತಾರೀಕು ಅಂದರೆ ಏಳನೇ ತಾರೀಕು ಸಂಬಳ. ಪಿಎಫ್ ಇತ್ತು.

ಈಗ ಹೊಸದಾಗಿ ಬರುತ್ತಿರುವವರಲ್ಲಿ ಬಿಎ, ಬಿಕಾಂ ಮಾಡಿದ ಹುಡುಗಿಯರಿದ್ದಾರೆ. ಮೊಬೈಲ್ ಅಂಗಡಿಯಲ್ಲಿ ಕೂತಿದ್ದವರು, ಕಂಪ್ಯೂಟರ್ ಸೆಂಟರಿನಲ್ಲಿ ಆಧಾರ್ ತಿದ್ದುತ್ತಿದ್ದವರು. ಆ್ಯಪ್ ತುಂಬುವುದು ಇವರಿಗೆ ನೀರು ಕುಡಿದಷ್ಟು ಸುಲಭ. ಅಕ್ಕನ ಪಕ್ಕದ ಊರಿಗೆ ಅಂಥ ಒಬ್ಬಳು ಬಂದಿದ್ದಾಳೆ. ತಿಂಗಳ ಕೊನೆಯಲ್ಲಿ ಇಬ್ಬರೂ ಉಪಕೇಂದ್ರದ ಕಟ್ಟೆಯ ಮೇಲೆ ಕೂತು ಒಪ್ಪಂದ ಮಾಡಿಕೊಂಡಿದ್ದಾರೆ, ಇವರ ಹಾಳೆಗಳನ್ನು ಅವಳು ಆ್ಯಪಿಗೆ ಏರಿಸುತ್ತಾಳೆ, ಅವಳಿಗೆ ಬಾಗಿಲು ತೆರೆಯದ ಮನೆಗಳಿಗೆ ಇವರು ಜೊತೆಗೆ ಹೋಗುತ್ತಾರೆ. ಇಲಾಖೆಗೆ ಇದು ಗೊತ್ತಿಲ್ಲ, ಗೊತ್ತಾದರೆ ಬಹುಶಃ ಬೇಡ ಅಂದೀತು.

ಸೀರೆ ವ್ಯಾಪಾರ ಪೂರ್ತಿ ಬಿಟ್ಟಿರಾ ಅಂತ ಕೇಳಿದ್ದಕ್ಕೆ ಅಕ್ಕ ಆಚೀಚೆ ನೋಡಿ ನಕ್ಕರು. ಪ್ರೋತ್ಸಾಹಧನ ತಿಂಗಳುಗಟ್ಟಲೆ ಬರದಿದ್ದಾಗ, ಗೌರಿ ಹಬ್ಬಕ್ಕೆ, ಯುಗಾದಿಗೆ ಒಂದಿಷ್ಟು ತರಿಸುತ್ತಾರಂತೆ. ಗಂಟು ಹೊತ್ತು ಹೋಗುವುದಿಲ್ಲ, ವಾಟ್ಸ್ಯಾಪಿನಲ್ಲಿ ಫೋಟೋ. ಆಶಾ ಸೀರೆಯುಟ್ಟು ಸೀರೆ ಮಾರಬಾರದು, ಆದ್ದರಿಂದ ಭಾನುವಾರ ಮಾತ್ರ. ಹೇಳುತ್ತಲೇ ಫೋನು ತೆಗೆದು ನನಗೂ ತೋರಿಸಿದರು. “ಈ ಹಸಿರು ಬಾರ್ಡರ್ ನೋಡಿ ಮೇಡಂ, ನಿಮ್ಗೆ ಒಪ್ಪುತ್ತೆ. ಮೂರು ಕಂತು, ಅವಸರ ಇಲ್ಲ.” ತಗೊಂಡೆ. ಎರಡನೇ ಕಂತಿನ ಹೊತ್ತಿಗೆ ಅವರಿಂದ ಒಂದು ಫೋನು ಬಂತು. ನನ್ನ ಆರೋಗ್ಯ, ಅಮ್ಮನ ಮಂಡಿನೋವು, ಬೆಂಗಳೂರಿನ ಮಳೆ ಎಲ್ಲ ವಿಚಾರಿಸಿದರು. ಗಾರೆಯವನು ಐದನೇ ತಿಂಗಳಿನ ಮಾತ್ರೆಯಲ್ಲಿದ್ದಾನೆ, ಮದುವೆ ಚೆನ್ನಾಗಿ ಆಯಿತು ಅಂದರು. ದುಡ್ಡಿನ ಸುದ್ದಿ ಎತ್ತಲಿಲ್ಲ. ಫೋನಿಟ್ಟ ಮೇಲೆ ಅವತ್ತೇ ಹಾಕಿದೆ.